ಕುಂಟುವ ಅಲೆ

ಗಾಳಿಯಂತ್ರದ ಬುಡದ ಶೆಡ್ಡು,
ಹದಿನಾಲ್ಕನೇ ತಾರೀಖು, ಬೆಳಿಗ್ಗೆ

ನನ್ನ ಮುದ್ದು ಅಕ್ಕನಿಗೆ,

ಬೈಯುವುದಿದ್ದರೆ ಆಮೇಲೆ ಬೈ, ಮೊದಲು ಪತ್ರವನ್ನು ಕೊನೆಯವರೆಗೆ ಓದು. ಇಲ್ಲಿ ಮೂರು ದಿನದಿಂದ ಮಂಜು. ಗೋಪುರದ ಏಣಿ ಹತ್ತುತ್ತಾ ಹೋದರೆ ಹಾಲಿನೊಳಗೆ ಇಳಿದಂತಾಗುತ್ತದೆ, ಮೇಲೆ ಹೋಗುತ್ತಿದ್ದೇನೋ ಕೆಳಗೋ ತಿಳಿಯುವುದಿಲ್ಲ. ತುದಿಯ ಕೋಣೆ ಮೆಲ್ಲಗೆ ತೂಗುತ್ತದೆ. ನಾನು ಚಿಕ್ಕವಳಿದ್ದಾಗ ನೀನು ಕಾಲ ಮೇಲೆ ಮಲಗಿಸಿಕೊಂಡು ತೂಗುತ್ತಿದ್ದೆಯಲ್ಲ, ಹಾಗೆ. ಎಷ್ಟೋ ಸಲ ಕೆಲಸ ಮರೆತು ಕೂತುಬಿಡುತ್ತೇನೆ.

ಆ ಕೆಟ್ಟ ಜನರೇಟರಿನ ವಿಷಯ ನಿನಗೆ ಗೊತ್ತೇ ಇದೆ. ಮೂರು ತಂತಿಗಳ ಕರೆಂಟು ಪರದೆಯ ಮೇಲೆ ಒಂದೇ ಎತ್ತರದ ಮೂರು ಅಲೆಗಳಾಗಿ ಹರಿಯಬೇಕು. ಒಂದು ಕುಂಟುತ್ತಿತ್ತು. ಸುರುಳಿಯೊಳಗೆ ಎರಡು ಸುತ್ತು ಒಂದಕ್ಕೊಂದು ತಾಗಿವೆ ಎಂದು ಕಂಡುಹಿಡಿದವಳು ನಾನೇ. ಎಲ್ಲರೂ ಭೇಷ್ ಎಂದರು. ಬಿಚ್ಚಿದರೆ, ಸುತ್ತಿದವರ ಚೀಟಿಯಲ್ಲಿ ನಿನ್ನ ನಂಬರು. ಕಾರ್ಖಾನೆಯಲ್ಲಿ ನಿನ್ನನ್ನು ಸುರುಳಿ ಸುತ್ತುವ ಮೇಜಿನಿಂದ ಎಬ್ಬಿಸಿ ಪ್ಯಾಕಿಂಗಿಗೆ ಹಾಕಿದರು. ನೀನು ಫೋನಿನಲ್ಲಿ, ಬಿಡೇ, ಕಣ್ಣು ಮಂಜಾಗ್ತಿದೆ, ನಂದೇ ತಪ್ಪಿರ್ಬೇಕು, ಇಪ್ಪತ್ತೆರಡು ವರ್ಷ ಸುತ್ತಿದ್ದು ಸಾಕು ಅಂದೆ. ನಾನು ಸುಮ್ಮನೆ ಹೂಂಗುಟ್ಟಿದೆ.

ಅಕ್ಕಾ, ಆ ಸುರುಳಿ ನಿನ್ನದಲ್ಲ. ನೀನು ಕಣ್ಣು ತೋರಿಸಲು ಹೋದ ಮಧ್ಯಾಹ್ನ, ನಿನಗೆ ಗೈರುಹಾಜರಿ ಬೀಳದಿರಲಿ ಎಂದು ನಿನ್ನ ಜಾಗದಲ್ಲಿ ಕೂತು ನಾಲ್ಕು ಸುರುಳಿ ಸುತ್ತಿದ್ದೆನಲ್ಲ, ಅವುಗಳಲ್ಲೊಂದು. ಕಟ್ಟಿದ ದಾರದ ಗಂಟು ಎಡಕ್ಕಿತ್ತು. ಇಡೀ ಕಾರ್ಖಾನೆಯಲ್ಲಿ ಎಡಚಿ ನಾನೊಬ್ಬಳೇ. ಅವತ್ತು ಉಂಗುರ ತೆಗೆಯದೆ ಸುತ್ತಿದ್ದೆ, ಅದು ಸುತ್ತುಗಳು ತಾಗದಂತೆ ತಂತಿಗೆ ಬಳಿದ ಮೆರುಗೆಣ್ಣೆಯನ್ನು ಗೀರಿದೆ. ಗಂಟು ಕಂಡ ಕೂಡಲೇ ಯಾರೂ ನೋಡದಂತೆ ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ಪರೀಕ್ಷಕಿ ಆಗಿ ಇನ್ನೂ ಆರು ತಿಂಗಳು, ಹೆಸರು ಮಣ್ಣುಪಾಲಾದೀತೆಂಬ ಹೆದರಿಕೆ. ಇಂಥ ಜನರೇಟರಿನ ಆಯಸ್ಕಾಂತಕ್ಕೆ ಸ್ವಿಚ್ಚಿಲ್ಲ ಕಣೇ. ರೆಕ್ಕೆ ತಿರುಗುವಷ್ಟು ಹೊತ್ತೂ ತಾಗಿದ ಜಾಗ ಸುಡುತ್ತಲೇ ಇರುತ್ತದೆ. ಮೂರು ವಾರದಿಂದ ನನಗೆ ಊಟ ಸೇರುತ್ತಿಲ್ಲ.

ನಾಚಿಕೆಯಾಗುತ್ತಿದೆ. ಸಿಕ್ಕಾಗ ಬೆನ್ನಿಗೆ ಎರಡು ಬಾರಿಸು. ಆದರೆ ನಿನ್ನ ಕೈಯನ್ನು ಮಾತ್ರ ಅನುಮಾನಿಸಬೇಡ.

ನಿನ್ನ ಹೇಡಿ ತಂಗಿ

ತಾ.ಕ.: ನಿಜವಾದ ವರದಿಯನ್ನು ನಿನ್ನೆಯೇ ಮುಖ್ಯಸ್ಥರ ಕೈಗೆ ಕೊಟ್ಟೆ. ಇಲ್ಲಿ ಇನ್ನೂ ಏಳು ಯಂತ್ರಗಳಲ್ಲಿ ನೀನು ಸುತ್ತಿದ ಸುರುಳಿಗಳಿವೆ. ಏಳನ್ನೂ ಹತ್ತಿ ಅಳೆದೆ, ನಿನ್ನ ಕಣ್ಣು ಮಂಜಾದ ಮೇಲಿನವನ್ನು ಎರಡೆರಡು ಸಲ. ಒಂದರಲ್ಲೂ ತಪ್ಪಿಲ್ಲ.