ಕೊನೆ ಮನೆ ಇದಲ್ಲ

ನಕಾಶೆ ವಿಭಾಗ, ನಗರಸಭೆಯ ಮೂರನೆಯ ಮಹಡಿ
ಮಾರ್ಚ್ ೧೧, ಮಧ್ಯಾಹ್ನ

ಅಣ್ಣಾ,

ಮನೆ ಏನು ಎಲ್ಲಿಗೂ ಓಡಿಹೋಗಲ್ಲ ಎಂದದ್ದು ನೀನೋ ಅಮ್ಮನೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ನೀನು ಹೊರಟ ದಿನ ಬಾಗಿಲಲ್ಲಿ ನಿಂತು ನಿಮ್ಮಿಬ್ಬರಲ್ಲಿ ಒಬ್ಬರು ಅಂದದ್ದು. ಹತ್ತೊಂಬತ್ತು ವರ್ಷ ಅದನ್ನು ಅಮ್ಮನ ಮಾತೆಂದೇ ತಿಳಿದಿದ್ದೆ. ಹೋದ ವಾರದಿಂದ ನಿನ್ನದೇ ಇರಬೇಕು ಅನ್ನಿಸುತ್ತಿದೆ. ಯಾರದಾದರೂ ಆಗಲಿ, ಮಾತು ಸುಳ್ಳಾಯಿತು.

ಮೊದಲು ಆರೋಗ್ಯ ಕೇಳಬೇಕಿತ್ತು. ಬಲಮೊಣಕಾಲು ಹೇಗಿದೆ? ಈ ವಯಸ್ಸಿನಲ್ಲೂ ಬಾವಿಗೆ ಇಳಿಯುತ್ತೀಯಂತೆ. ನೀನು ಕೆಲಸ ಮಾಡುವ ಪಂಪು ರಿಪೇರಿ ಅಂಗಡಿಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಒಬ್ಬ ಹೆಂಗಸು ಎತ್ತಿ, "ಅವರು ಬಾವಿಯೊಳಗಿದ್ದಾರೆ" ಎಂದರು. ಕಡೆಯ ಸಲ, ಯಾವಾಗ ಮೇಲೆ ಬರ್ತಾರೆ ಎಂದು ಕೇಳಿದ್ದಕ್ಕೆ, "ಬಿದ್ದಿರೋ ಪಂಪು ಸಿಕ್ಕಮೇಲೆ" ಎಂದು ಫೋನಿಟ್ಟರು. ಆ ಉತ್ತರವನ್ನು ನೀನೇ ಹೇಳಿಕೊಟ್ಟಿದ್ದೀಯೋ ಏನೋ. ಅದಕ್ಕೇ ಈ ಕಾಗದ. ಕಾಗದವಾದರೆ ಬಾವಿಯ ಕಟ್ಟೆಯ ಮೇಲೆ ಕಾದು ಕೂರುತ್ತದೆ.

ಅಮ್ಮನಿಗೆ ಎಂಬತ್ತೆರಡು. ಕಿವಿ ಇನ್ನೂ ಮೊಲದಷ್ಟು ಚುರುಕು. ಕಣ್ಣಿಗೆ ಮಾತ್ರ ಪೊರೆ ಬಂದಿದೆ. ಬೆಳಕು ಯಾವುದು, ಅಡ್ಡ ನಿಂತ ನೆರಳು ಯಾವುದು, ಅಷ್ಟು ತಿಳಿಯುತ್ತದೆ. ಆಪರೇಷನ್ ಮಾಡಿಸೋಣ ಎಂದರೆ, "ನೋಡೋದಕ್ಕೆ ಏನಿದೆಯೋ ಇಲ್ಲಿ, ಎದುರು ಮನೆ ಗೋಡೆ ತಾನೆ" ಎನ್ನುತ್ತಾಳೆ. ಎದುರುಗಡೆ ನಿನ್ನ ಕಾಲದಲ್ಲಿ ಬಯಲಿತ್ತು, ಬಯಲಿನಾಚೆ ಗುಡ್ಡವಿತ್ತು. ಗುಡ್ಡವನ್ನು ಒಡೆದು ಜಲ್ಲಿ ಮಾಡಿ, ಆ ಜಲ್ಲಿಯನ್ನೇ ಬಯಲಿಗೆ ಹಾಕಿ ಮನೆ ಕಟ್ಟಿದರು. ಅಂದರೆ ಅಮ್ಮ ಈಗ ನೋಡುತ್ತಿರುವುದು ಅದೇ ಗುಡ್ಡವನ್ನೇ, ಹತ್ತಿರದಿಂದ.

ನನ್ನ ಕೆಲಸ ನಿನಗೆ ಗೊತ್ತಿದೆ. ಊರು ಎಲ್ಲಿಯವರೆಗೆ ಇದೆ ಎಂದು ಗೆರೆ ಎಳೆದು ತೋರಿಸುವುದು. ಗೆರೆ ಅಚ್ಚಾಗಿ ಬರುವಷ್ಟರಲ್ಲಿ ಊರು ಅದನ್ನು ದಾಟಿ ಆಚೆ ಹೋಗಿ ಕುಳಿತಿರುತ್ತದೆ. ಪೂರ್ವಕ್ಕೆ ರೈಲುಹಳಿ ಇರುವುದರಿಂದ ಅತ್ತ ಬೆಳೆಯಲಾರದು ಎಂದು ಬರೆದುಕೊಟ್ಟೆ. ಒಂದೇ ವರ್ಷದಲ್ಲಿ ಹಳಿಯಾಚೆ ನಾಲ್ಕು ಬೀದಿ. ಉತ್ತರಕ್ಕೆ ಕೆರೆ ಇದೆ ಎಂದೆ; ಕೆರೆಯೇ ಇಲ್ಲವಾಯಿತು. ನೀನು ಹೋದಾಗ ಊರ ಹೊರಗಿನ ಫಲಕದಲ್ಲಿ ಜನಸಂಖ್ಯೆ ನಲವತ್ತೊಂದು ಸಾವಿರ ಎಂದಿತ್ತು. ಈಗ ಎರಡು ಲಕ್ಷ ಮೂವತ್ತು ಸಾವಿರ. ಹೋದ ತಿಂಗಳು ಅದನ್ನು ತಿದ್ದಲು ಕರೆಸಿದ ಪೇಂಟರ್ ಏಣಿ ಹತ್ತಿ ನಿಂತು ನಕ್ಕ. "ಸಾರ್, ಹಿಂದಿನ ಮೂರು ಸೊನ್ನೆ ಹಾಗೇ ಇರ್ಲಿ ಬಿಡಿ. ಮುಂದಿನದನ್ನ ಸೀಮೆಸುಣ್ಣದಲ್ಲಿ ಬರೀತೀನಿ, ನೀವು ಆಫೀಸಿಗೆ ಹೋಗ್ತಾ ಬರ್ತಾ ಒರೆಸಿ ಬರ್ಕೊಳ್ಳಿ." ನಾನು ನಗಲಿಲ್ಲ. ಇಷ್ಟು ಜನರಲ್ಲಿ ಒಬ್ಬನಿಗೂ ಇನ್ನೊಬ್ಬನ ಮನೆ ಗೊತ್ತಿಲ್ಲ. ಎಲ್ಲರಿಗೂ ಎಲ್ಲ ಮನೆಗಳ ನಂಬರು ಮಾತ್ರ ಬೇಕು. ಆ ನಂಬರು ಕೊಡುವವನು ನಾನು. ನಮ್ಮ ಮನೆಗೇ ಮೂರು ಸಲ ಬದಲಾಯಿಸಿ ಕೊಟ್ಟಿದ್ದೇನೆ.

ಹೋದ ಮಂಗಳವಾರ ದಕ್ಷಿಣದ ಹೊಸ ಬಡಾವಣೆಯ ತುದಿಗೆ ಅಳತೆಗೆ ಹೋಗಿದ್ದೆ. ನಮ್ಮ ಮನೆಯಿಂದ ಐದು ಕಿಲೋಮೀಟರ್. ಅಲ್ಲಿಗೆ ಟಾರು ಮುಗಿಯುತ್ತದೆ. ಕಡೆಯಲ್ಲಿ ಒಂದು ಒಂಟಿ ಮನೆ. ನಿವೃತ್ತ ಟೀಚರಮ್ಮ ಒಬ್ಬರಿದ್ದಾರೆ. ಟೇಪಿನ ತುದಿ ಹಿಡಿಯಿರಿ ಎಂದರೆ, ಹಿಡಿಯುವ ಮೊದಲು ಒಳಗೆ ಹೋಗಿ ಒಂದು ಚೀಟಿ ತಂದರು. "ನಗರಸಭೆಯವರಲ್ವಾ ನೀವು? ಎಲ್ಲರ ವಿಳಾಸ ನಿಮ್ಮ ಹತ್ರ ಇರುತ್ತೆ. ಇದು ಯಾರಿಗೆ ಸೇರಿದ್ದು ಅಂತ ಹುಡುಕಿ ಕೊಡಿ ನೋಡೋಣ." ಪಂಪು ಅಂಗಡಿಯ ರಸೀದಿ, ಫೋನ್ ನಂಬರು ಸಮೇತ. ಹಿಂಬದಿಯಲ್ಲಿ, ಎಡಕ್ಕೆ ವಾಲಿದ ನಿನ್ನ ಅಕ್ಷರ: ಕೊನೆ ಮನೆಯವರಿಗೆ. ಬಂದಿದ್ದೆ. ಸಿಗಲಿಲ್ಲ.

ನಾನು ಅದನ್ನು ಬಹಳ ಹೊತ್ತು ಓದಿದೆ. ಅಷ್ಟು ಹೊತ್ತು ಓದುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಅಪ್ಪ ಕಟ್ಟಿದ್ದು ಊರಿನ ಕೊನೆಯ ಮನೆ. ನಮ್ಮನ್ನು ಕೊನೆಮನೆಯವರು ಎಂದೇ ಕರೆದರು. ಶಾಲೆಯ ರಿಜಿಸ್ಟರಿನಲ್ಲೂ ಅದೇ ವಿಳಾಸ. ನೀನು ಬಸ್ಸಿಳಿದು ಇನ್ನೇನು ಕೇಳುತ್ತೀಯ? ಕೊನೆ ಮನೆ ಎಲ್ಲಿ ಎಂದಿದ್ದೀಯ. ಜನ ಸುಳ್ಳು ಹೇಳಲಿಲ್ಲ. ಒಬ್ಬೊಬ್ಬರೂ ಮುಂದೆ, ಇನ್ನೂ ಮುಂದೆ ಎಂದು ಕಳಿಸುತ್ತಾ ಹೋಗಿ, ಆ ಮೊಣಕಾಲಿನಲ್ಲಿ ನಿನ್ನನ್ನು ಐದು ಕಿಲೋಮೀಟರ್ ಹೆಚ್ಚು ನಡೆಸಿ, ಯಾರದೋ ಬಾಗಿಲಿಗೆ ಮುಟ್ಟಿಸಿದ್ದಾರೆ. ಟೀಚರಮ್ಮ ಹೇಳಿದರು: "ನಾನೇ ಕೊನೆ ಮನೆ ಕಣ್ರೀ, ಬನ್ನಿ ಅಂದೆ. ಒಳಗೆ ಬರ್ಲಿಲ್ಲ. ಹಿತ್ತಲ ಕಡೆ ಇಣುಕಿ, ಬಾವಿ ಎಲ್ಲಿ ಅಂದ್ರು. ಬಾವಿನಾ, ನಲ್ಲಿ ಇದೆ ಅಂದೆ. ಎರಡು ಲೋಟ ನೀರು ಕುಡಿದು ಹೊರಟುಬಿಟ್ರು." ಇದು ಆಗಿ ಎರಡು ತಿಂಗಳಂತೆ. ಈಗ ಅವರದೂ ಕೊನೆಯ ಮನೆಯಲ್ಲ. ಪಕ್ಕದಲ್ಲಿ ಎರಡು ಪಾಯ ತೋಡಿದ್ದಾರೆ.

ಬಾವಿಯ ಮಾತು ನಾನು ಎತ್ತಬಾರದು. ಆದರೂ. ನೀನೂ ಅಪ್ಪನೂ ತೋಡಿದ ಬಾವಿಯ ಮೇಲೆ ರಸ್ತೆಯ ಗೆರೆ ಎಳೆದವನು ನಾನು. ಎಂಟು ಅಡಿ ಆಚೆ ಎಳೆದಿದ್ದರೆ ಪಕ್ಕದವರ ಜಗಲಿ ಹೋಗುತ್ತಿತ್ತು, ಸ್ವಂತದ್ದನ್ನು ಉಳಿಸಿಕೊಂಡ ಎಂದು ಜನ ಆಡಿಕೊಳ್ಳುತ್ತಿದ್ದರು. ನ್ಯಾಯವಾಗಿರಲು ಹೋದೆ, ಬಾವಿ ಮುಚ್ಚಿದರು. "ನಿನ್ನ ಪೆನ್ಸಿಲ್ಲಿಗೆ ತುದಿ ಇದೆ ಕಣೋ ಅಡಿಪಟ್ಟಿ, ಕಣ್ಣಿಲ್ಲ" ಎಂದೆ ನೀನು. ಅಂದೇ ಸಂಜೆ ಮನೆ ಬಿಟ್ಟು ಹೊರಟೆ. ಆ ರಸ್ತೆ ಈಗ ಸಾಲದು ಎಂದು ಇನ್ನೂ ಅಗಲ ಮಾಡಲು ಹೇಳಿದ್ದಾರೆ. ನಗಬೇಡ.

ಮತ್ತೆ ಬಾ. ಈ ಸಲ ತಪ್ಪದಂತೆ ದಾರಿ ಬರೆಯುತ್ತೇನೆ ಎಂದು ಕುಳಿತೆ. ಬಸ್ ನಿಲ್ದಾಣದ ಪಶ್ಚಿಮದ ಬಾಗಿಲು, ಎರಡನೆಯ ಅಡ್ಡರಸ್ತೆ, ಎಡಕ್ಕೆ, ಮನೆ ನಂಬರು ಮುನ್ನೂರ ಆರು. ಬರೆದು ಓದಿಕೊಂಡೆ. ಅಲ್ಲಿ ಯಾರೋ ಇದ್ದಾರೆ, ನಾವಲ್ಲ ಅನ್ನಿಸಿತು. ಮೇಲೆ ಒಂದು ಮಹಡಿ ಎಬ್ಬಿಸಿದ್ದೇನೆ, ಮುಂದಿನ ಕೋಣೆಯಲ್ಲಿ ಜೆರಾಕ್ಸ್ ಅಂಗಡಿ, ಗೇಟು ನೀಲಿ. ನೀನು ಎದುರಿಗೇ ನಿಂತರೂ ಗುರುತು ಹತ್ತಲಾರದು. ಮಹಡಿ ಕಟ್ಟುವಾಗ ಇದು ಹೊಳೆಯಲಿಲ್ಲ. ಜಾಗ ಸಾಲುವುದಿಲ್ಲ ಎಂಬುದಷ್ಟೇ ಹೊಳೆದಿತ್ತು.

ಇನ್ನೊಂದು ಕಿರಿಕಿರಿ. ಒಂದು ವಾರದಿಂದ ಬಡಾವಣೆಗೆ ಹೋಗಬೇಕಾದ ಮರಳು, ಇಟ್ಟಿಗೆ ಎಲ್ಲಾ ನಮ್ಮ ಗೇಟಿನ ಮುಂದೆ ಬಂದು ಬೀಳುತ್ತಿವೆ. ನಿನ್ನೆ ಯಾರದೋ ಬೀರು ಬಂದಿತ್ತು, ಕನ್ನಡಿ ಸಮೇತ. ಜೆರಾಕ್ಸಿನವನು ದಿನಾ ನನ್ನ ಮೇಲೆ ರೇಗುತ್ತಾನೆ, ನಾನು ಲಾರಿಯವರ ಮೇಲೆ ರೇಗುತ್ತೇನೆ, ಲಾರಿಯವರು "ಅಜ್ಜಿ ಇಲ್ಲೇ ಅಂದ್ರು ಸಾರ್" ಎನ್ನುತ್ತಾರೆ. ಅಜ್ಜಿ ಒಳಗೆ ಕುಳಿತು ಕೇಳಿಸದವಳಂತೆ ಇರುತ್ತಾಳೆ.

ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು. ಒದ್ದೆ ಬಟ್ಟೆಯಲ್ಲಿ ಕೂರಬೇಡ. ಫೋನೆತ್ತುವ ಹೆಂಗಸು ಯಾರೇ ಇರಲಿ, ಅವರಿಗೂ ನನ್ನ ನಮಸ್ಕಾರ ಮುಟ್ಟಿಸು.

ನಿನ್ನ ತಮ್ಮ,
ಅಡಿಪಟ್ಟಿ

ತಾ.ಕ.: ಅಂಟು ಹಚ್ಚಿದ ಲಕೋಟೆಯನ್ನು ಬಿಚ್ಚಿ ಬರೆಯುತ್ತಿದ್ದೇನೆ, ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಟೀಚರಮ್ಮ ಇನ್ನೂ ಒಂದು ಮಾತು ಹೇಳಿದ್ದರು. ದಾರಿಯಲ್ಲಿ ನೀಲಿ ಗೇಟಿನ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದ ಮುದುಕಿಯೊಬ್ಬಳನ್ನು ನೀನು ಕೇಳಿದೆಯಂತೆ. ಅವಳು "ಇದಲ್ಲಪ್ಪಾ, ಮೂಗಿನ ನೇರಕ್ಕೆ ಹೋಗು" ಎಂದಳಂತೆ. ಅದು ನಾನು ಹೇಳಿಕೊಟ್ಟ ಮಾತು. ಕೊನೆ ಮನೆ ಎಲ್ಲಿ ಎಂದು ಕೇಳುವ ಬಡಾವಣೆಯ ಲಾರಿಗಳನ್ನೆಲ್ಲಾ ಹಳಬರು ನಮ್ಮಲ್ಲಿಗೆ ಕಳಿಸುತ್ತಿದ್ದರು. ರೇಗಿ ಹೋಗಿ, ಯಾರು ಕೇಳಿದ್ರೂ ಇಷ್ಟು ಹೇಳಿ ಕಳಿಸು ಎಂದು ಅವಳಿಗೆ ಬಾಯಿಪಾಠ ಮಾಡಿಸಿದ್ದೆ. ಮಂಗಳವಾರ ಮನೆಗೆ ಹೋಗಿ ಕೇಳಿದೆ. "ಹೌದು, ಒಬ್ಬ ಬಂದಿದ್ದ. ದನಿ ಕೇಳಿ ನಿಮ್ಮಪ್ಪ ಎದ್ದು ಬಂದ್ರೇನೋ ಅನ್ನಿಸ್ತು. ಆದ್ರೂ ನೀನು ಹೇಳಿದ್ದನ್ನೇ ಹೇಳಿದೆ" ಎಂದಳು. ಚೀಟಿ ಓದಿ ಹೇಳಿದೆ. ಬುಧವಾರದಿಂದ ಯಾರು ಬಂದು ಕೊನೆ ಮನೆ ಎಂದರೂ "ಇದೇ, ಒಳಗೆ ಬಾ" ಎನ್ನುತ್ತಿದ್ದಾಳೆ. ನಾನು ಬರೆದ ನಂಬರು ಬಿಟ್ಟುಬಿಡು, ಕೊನೆ ಮನೆ ಎಂದೇ ಕೇಳಿಕೊಂಡು ಬಾ. ಒಂದು ಮಾತ್ರ ತಿಳಿಯಬೇಕು, ಅವಳೂ ಅದನ್ನೇ ಕೇಳು ಎನ್ನುತ್ತಿದ್ದಾಳೆ. ಆ ದಿನ ಮೆಟ್ಟಿಲ ಕೆಳಗೆ ನಿಂತಿದ್ದೆಯಲ್ಲ, ಇದಲ್ಲ ಎಂದು ಹೇಳುತ್ತಿರುವವಳು ಅಮ್ಮ ಎಂದು ನಿನಗೆ ಗೊತ್ತಾಗಿತ್ತೇ?