ಯಾರೂ ಹಿಡಿಯದ ಆಟಗಾರ್ತಿ

ಗದಗ, ಫೆಬ್ರವರಿ ೩೦, ೨೨೧೮

ಹಿಂದಿನ ಕಾಲದ ಹಿರಿಯರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಎನಿಸಬಹುದು, ಮನ್ನಿಸಿ.

ನನ್ನ ಹೆಂಡತಿ ಶಿವಲೀಲಾ ಕಬಡ್ಡಿ ಕೋಚ್. ಮೈದಾನದಲ್ಲಿ ಅವಳು ಕೂಗಿದರೆ ಮನೆಯಲ್ಲಿದ್ದ ನನಗೆ ಕೇಳುತ್ತಿತ್ತು. ಹೋದ ಮಳೆಗಾಲದಲ್ಲಿ ಅದೇ ಮೈದಾನದಲ್ಲಿ ಅವಳಿಗೆ ಹೃದಯಾಘಾತವಾಯಿತು. ಬದುಕಿದಳು. ವೈದ್ಯರು ಸತ್ತ ಸ್ನಾಯುವಿನ ಜಾಗದಲ್ಲಿ ಹೊಸದನ್ನು ಬೆಳೆಸಿ, ಭುಜದ ಕೆಳಗೆ ‘ಎದೆಗಾವಲು’ ಅಂಟಿಸಿ ಕಳಿಸಿದರು. ಅದು ಉಗುರಿನಷ್ಟು ದೊಡ್ಡ ಬಿಲ್ಲೆ. ಹೃದಯ ಕ್ಷೇಮವಾಗಿದ್ದರೆ ಹಸಿರಾಗಿ ಬೆಳಗುತ್ತದೆ. ನಿದ್ದೆ, ನಡಿಗೆ, ಉಸಿರು ಎಲ್ಲವನ್ನೂ ಅಳೆದು ವಾರಕ್ಕೊಮ್ಮೆ ಆಸ್ಪತ್ರೆಗೆ ಒಂದು ಅಂಕ ಕಳಿಸುತ್ತದೆ. ಅದಕ್ಕೆ ನಾವು ‘ಬದುಕಂಕ’ ಎನ್ನುತ್ತೇವೆ. ಶಿವಲೀಲಾಳ ಬದುಕಂಕ ಏರುತ್ತಲೇ ಹೋಯಿತು. ಆಸ್ಪತ್ರೆಯಿಂದ ಅಭಿನಂದನೆಯೂ ಬಂತು. ಅವಳು ಮಾತ್ರ ಸ್ನಾನಕ್ಕೆ ಹೋದಾಗ ಬಾಗಿಲು ಹಾಕಿಕೊಳ್ಳುವುದನ್ನು ಬಿಟ್ಟಳು. ಕುಳಿತಲ್ಲೆಲ್ಲ ತನ್ನ ನಾಡಿ ತಾನೇ ಹಿಡಿದುಕೊಂಡಿರುತ್ತಿದ್ದಳು. ನಾನು ಆ ಕೈ ಹಿಡಿಯಲು ಹೋದರೆ, “ಬ್ಯಾಡ್ರಿ, ಎಣಿಕಿ ತಪ್ತೈತಿ” ಎನ್ನುತ್ತಿದ್ದಳು.

ಆಡಬಹುದು ಎಂದು ವೈದ್ಯರೇ ಹೇಳಿದ್ದರು. ಹಾಗಾಗಿ ಕಳೆದ ವಾರ ಒತ್ತಾಯ ಮಾಡಿ ಮೈದಾನಕ್ಕೆ ಕರೆದೊಯ್ದೆ. ಹುಡುಗಿಯರು ಸಾಲಾಗಿ ನಿಂತರು. ಅವಳು ಬಗ್ಗಿ ಗೆರೆ ಮುಟ್ಟಿ, “ಕಬಡ್ಡಿ, ಕಬಡ್ಡಿ” ಎನ್ನುತ್ತ ಒಳಗೆ ನುಗ್ಗಿದಳು. ನನ್ನ ಕಣ್ಣು ತುಂಬಿ ಬಂತು. ಆದರೆ ಅವಳು ಮುಂದೆ ಬಂದಂತೆಲ್ಲ ಹುಡುಗಿಯರು ಹಿಂದೆ ಸರಿದರು. ಒಬ್ಬಳೂ ಕಾಲು ಹಿಡಿಯಲಿಲ್ಲ, ನಡ ಹಿಡಿಯಲಿಲ್ಲ. ಅವಳು ಅಂಕಣದ ನಡುವೆ ನಿಂತುಬಿಟ್ಟಳು.

“ಯಾಕ್ರೇ, ಹಿಡೀರಿ ನನ್ನ!”

ತಂಡದ ನಾಯಕಿ ದಾನೇಶ್ವರಿ ತಲೆ ತಗ್ಗಿಸಿದಳು. “ನಿಮಗೇನಾರ ಆದ್ರ ಅಂತ ಅಂಜಿಕಿ ಬಂತ್ರಿ, ಮೇಡಂ.”

ಶಿವಲೀಲಾ ನನ್ನತ್ತ ತಿರುಗಿದಳು. “ಹಸರ ಐತಿ ನೋಡು, ಏನೂ ಆಗಿಲ್ಲ” ಎಂದೆ. ಅವಳ ಭುಜದ ಕೆಳಗಿನ ಬಿಲ್ಲೆಯತ್ತ ಬೆರಳು ತೋರಿಸಿದೆ.

“ಅದಕ್ಕೇನ್ ಗೊತ್ತೈತ್ರಿ?” ಎಂದವಳೇ ಮಣ್ಣಿನಲ್ಲಿ ಕುಳಿತಳು.

ಅಂದಿನಿಂದ ಅವಳು ಆಟದ ಸುದ್ದಿಯನ್ನೇ ಎತ್ತಿಲ್ಲ. ವೈದ್ಯರಿಗೆ ಹೇಳಿಕೊಂಡೆ. ಅವರು ಬದುಕಂಕ ನೋಡಿ, ಚೆನ್ನಾಗಿದ್ದಾರಲ್ಲ ಎಂದರು.

ನಿಮ್ಮ ಕಾಲದಲ್ಲಿ ಹೃದಯ ಇಷ್ಟು ಪೂರ್ತಿಯಾಗಿ ವಾಸಿಯಾಗುತ್ತಿರಲಿಲ್ಲವಂತೆ. ಅರ್ಧ ಚೇತರಿಸಿಕೊಂಡವರ ಜೊತೆ ನೀವು ವರ್ಷಗಟ್ಟಲೆ ಬಾಳಿದವರು. ಅವರ ಅಂಜಿಕೆ ಕಂಡಾಗ ಏನು ಹೇಳುತ್ತಿದ್ದಿರಿ? ಏನೂ ಹೇಳದೆ ಪಕ್ಕದಲ್ಲಿ ಕೂರುತ್ತಿದ್ದಿರೇನು? ನಿಮ್ಮ ಉತ್ತರ ನನಗೆ ತಲುಪುವುದಿಲ್ಲವೆಂದು ಬಲ್ಲೆ. ಆದರೂ ಗೊತ್ತಿದ್ದರೆ ನಿಮ್ಮ ಮಕ್ಕಳಿಗೆ ಹೇಳಿಕೊಡಿ, ಅವರು ತಮ್ಮ ಮಕ್ಕಳಿಗೆ ಹೇಳಲಿ. ನನ್ನವರೆಗೆ ಬರುವಷ್ಟರಲ್ಲಿ ಅದನ್ನು ಯಾರೋ ಮರೆತುಬಿಟ್ಟಿದ್ದಾರೆ.

ನಿಮ್ಮವನೇ ಆದ
ಗುರುಶಾಂತ