ಬೆನ್ನು ತಿರುಗಿಸಿ ಕೂರಿಸಿದ ಸೀಲು

ಪ್ರೀತಿಯ ಉಸ್ತಾದರೇ,

ನೀವು ವಿದ್ಯೆ ಬಚ್ಚಿಟ್ಟುಕೊಂಡು ಸತ್ತಿರಿ. ಇದು ಅನ್ಯಾಯ. ಮಣ್ಣಿಗೆ ಹೋದವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ. ನಾನು ಮಾಡುತ್ತೇನೆ. ಬದುಕಿದ್ದಾಗ ಮಾಡಲು ನೀವು ಬಿಟ್ಟಿರಾ?

ದಾಂಡೇಲಿಯ ನಮ್ಮ ಶೆಡ್ಡಿನಲ್ಲಿ ಪಿಸ್ಟನ್ ಕಲಿಸಿದಿರಿ, ಗೇರು ಕಲಿಸಿದಿರಿ. ಎಂಜಿನ್ನಿನ ಹಿಂಬದಿಯಿಂದ ಎಣ್ಣೆ ಸೋರದಂತೆ ತಡೆಯುವ ಆ ಹಗ್ಗದ ಸೀಲು ಹಾಕುವಾಗ ಮಾತ್ರ, "ಲೇ ಈರ್ಯಾ, ಹೋಗಿ ಚಾ ತಗೊಂಡು ಬಾ" ಅನ್ನುತ್ತಿದ್ದಿರಿ. ಬೇಗ ಬಂದರೆ ಬೆನ್ನು ತಿರುಗಿಸಿ ಕೂರುತ್ತಿದ್ದಿರಿ. ಒಮ್ಮೆ ಇಣುಕಿದ್ದಕ್ಕೆ ಏನಂದಿರಿ? "ಎಲ್ಲಾ ಕಲಿಸಿದ್ರ ನಾಳೆ ನೀನ ಎದುರಿಗೆ ಶೆಡ್ ಹಾಕ್ತಿ. ನನ್ನ ಉಸ್ತಾದೂ ನನಗ ಹಿಂಗ ಮಾಡ್ಯಾರ." ನಿಮಗಾದ ಅನ್ಯಾಯವನ್ನೇ ಸಂಪ್ರದಾಯ ಅಂದುಕೊಂಡಿರಲ್ಲ! ವಿದ್ಯೆ ದುಡಿಯುವವರೆಲ್ಲರದು ಎಂದು ಕಾರ್ಮಿಕ ಸಂಘದ ಕರಪತ್ರ ಓದಿ ಹೇಳಿದರೆ, ಅದೇ ಕಾಗದಕ್ಕೆ ಕೈಯ ಗ್ರೀಸು ಒರೆಸಿದಿರಿ.

ನೀವು ಹೋದ ಮೇಲೆ ಹಳಿಯಾಳದ ಸಾಹುಕಾರ ತನ್ನ ಹಳೆಯ ಕಾರು ತಂದ. ಶೆಡ್ಡಿನ ಜಾಗ ಅವನದೇ, ನಿಮಗೆ ಗೊತ್ತು. ಸೀಲನ್ನು ಹಿಡಿದಿಡುವ, ಅರ್ಧ ಬಳೆಯಂಥ ರಿಟೇನರಿನೊಳಗೆ ಹೊಸ ಹಗ್ಗವನ್ನು ಸುತ್ತಿಗೆಯಿಂದ ಬಡಿದು ಕೂರಿಸಿದೆ. ಕಾರು ಹಳಿಯಾಳ ಮುಟ್ಟುವಷ್ಟರಲ್ಲಿ ಸೋರಿತು. ಮತ್ತೆ ಬಿಚ್ಚಿ ಬಡಿದೆ. ಮತ್ತೆ ಸೋರಿತು. "ಉಸ್ತಾದ್ ಹೋದ, ವಿದ್ಯಾನೂ ಹೋತು," ಅಂದ ಸಾಹುಕಾರ. "ಇನ್ನೊಮ್ಮೆ ಸೋರಿದ್ರ ಶೆಡ್ ಬ್ಯಾರೆಯವರಿಗೆ ಕೊಡ್ತೀನಿ. ನೀ ನಿನ್ನ ಸಂಘದ ಚೀಟಿ ಓದಕೋತ ಕೂಡ್ರು." ನಿಮ್ಮ ಹೆಂಡತಿ, ನಮ್ಮ ಚಾಚಿಯ ಒಲೆ ಉರಿಯುವುದೇ ಆ ಶೆಡ್ಡಿನಿಂದ. ಗುಟ್ಟು ಕಾಯುವಾಗ ಅವರ ನೆನಪಾಗಲಿಲ್ಲವೇ?

ಚಾಚಿಯ ಮುಂದೆಯೇ ನಿಮ್ಮನ್ನು ಬೈದುಬಿಟ್ಟೆ. ಅವರು ಅಳಲಿಲ್ಲ.

"ನನಗೂ ಏನೂ ಹೇಳಿಲ್ಲಪಾ. ಆದ್ರ ಆ ಹಗ್ಗಾ ಹಾಕೂದಿದ್ರ ಹಿಂದಿನ ದಿನಾನ ನನ್ನ ಬಟ್ಟಲದಾಗ ಮೋಟರಿನ ಎಣ್ಣಿ ಸುರದು ನೆನಿಯಾಕ ಇಡ್ತಿದ್ರು. ಪಲ್ಯಾ ಹಾಕಾಕ ಬಟ್ಟಲಾ ಇರತಿರಲಿಲ್ಲ! ಮತ್ತ ನನ್ನ ಲಟ್ಟಣಿಗಿ ಎಲ್ಲೈತಿ? ಶೆಡ್ಡಿಗೆ ಒಯ್ದವರು ತಿರುಗಿ ತಂದ ಕೊಡಲಿಲ್ಲ."

ಲಟ್ಟಣಿಗೆ! ನಿಮ್ಮ ಹತಾರದ ಪೆಟ್ಟಿಗೆಯ ತಳದಲ್ಲಿ ಅದು ಕಪ್ಪಾಗಿ ಬಿದ್ದಿತ್ತು. ಹಾಗಾದರೆ ಬಡಿಯುವುದಲ್ಲ, ಲಟ್ಟಿಸುವುದು… ರಾತ್ರಿಯಿಡೀ ಎಣ್ಣೆಯಲ್ಲಿ ನೆನೆದ ಹಗ್ಗವನ್ನು ರಿಟೇನರಿನೊಳಗೆ ಒತ್ತಿ ಒತ್ತಿ ಲಟ್ಟಿಸಿದೆ. ಶೆಡ್ಡಿನ ಮೂಲೆಯ ಹಳೆ ಎಂಜಿನ್ನಿನಲ್ಲಿ ನೀವೇ ಹಿಂದೆ ಹಾಕಿದ್ದ ಒಂದು ಸೀಲನ್ನು ಬಿಚ್ಚಿ ನೋಡಿ, ಅದರಂತೆಯೇ ತುದಿಗಳನ್ನು ಕೂದಲೆಳೆಯಷ್ಟು ಮೇಲೆ ಬಿಟ್ಟು ಕೊಯ್ದೆ. ಕಾರು ಉಳವಿಗೆ ಹೋಗಿ ಬಂತು. ಕಾರಿನ ಕೆಳಗೆ ತೂರಿ ಎಂಜಿನ್ನಿನ ಹಿಂಬದಿಗೆ ಅಂಗೈ ಸವರಿದೆ. ಒಣಗಿತ್ತು. ಶೆಡ್ಡು ಚಾಚಿಗೆ ಉಳಿಯಿತು.

ಖುಷಿಯಾಗಬೇಕಿತ್ತು. ಸಿಟ್ಟು ಇನ್ನಷ್ಟು ಏರಿತು. ಇಷ್ಟೇನಾ, ಉಸ್ತಾದರೇ? ಒಂದು ಬಟ್ಟಲು ಎಣ್ಣೆ, ಒಂದು ಲಟ್ಟಣಿಗೆ… ಇಷ್ಟಕ್ಕಾಗಿ ನನ್ನನ್ನು ಕಳ್ಳನಂತೆ ಹೊರಗೆ ಕಳಿಸಿದಿರಾ? ನೀನು ನನ್ನ ಮಗನಿದ್ದಂತೆ ಅಂದವರು ನೀವೇ ಅಲ್ಲವೇ?

ಈ ಸಂಪ್ರದಾಯ ನನ್ನ ಕೈಯಲ್ಲೇ ಮುಗಿಯಲಿ. ಹಳಿಯಾಳ, ಜೋಯಿಡಾ, ಮುಂಡಗೋಡದ ಮಿಸ್ತ್ರಿಗಳಿಗೆಲ್ಲ ಹೇಳಿಕಳಿಸಿದ್ದೇನೆ. ಗಿರಾಕಿ ಹಂಚಿಹೋದಾರು ಎಂದು ಚಾಚಿಯನ್ನು ಮೊದಲು ಕೇಳಿದೆ. "ಕಲಸು. ಗುಟ್ಟ ಇಟಗೊಂಡು ಅವರೇನ ಗಳಿಸಿದ್ರು? ಬೆನ್ನುಬ್ಯಾನಿ," ಅಂದರು.

ಬರುವ ಭಾನುವಾರ ಶೆಡ್ಡಿನ ಎರಡೂ ಬಾಗಿಲು ತೆಗೆದು, ಎಲ್ಲರ ಕಣ್ಣೆದುರು ಸೀಲು ಕೂರಿಸುತ್ತೇನೆ. ನನ್ನ ಕೈ ತಪ್ಪಿದರೆ ಅಲ್ಲೇ ಬೈಯಿರಿ, ಆದರೆ ಈ ಸಲ ಎದುರಿಗೆ ನಿಂತು. ಭಾನುವಾರ, ಬೆಳಿಗ್ಗೆ ಹತ್ತಕ್ಕೆ ಬನ್ನಿ.

ನಿಮ್ಮ,
ಈರಣ್ಣ